ತಮ್ಮನ ಟೊಪ್ಪಿಗೆ, ತಮ್ಮನ ಗುಳಿಗೆ

ನಮ್ಮ ಮನೆಯಲ್ಲಿ ಜ್ವರಕ್ಕೆ ಸಿಗುತ್ತಿದ್ದ ಮರ್ಯಾದೆ ಸೊಸೆಗೆ ಸಿಗುತ್ತಿರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ, ಹೊತ್ತು ನೆತ್ತಿಯಿಂದ ಸ್ವಲ್ಪ ವಾಲುತ್ತಲೇ, ಹೇಳಿ ಕಳಿಸಿದ ಬೀಗರ ಹಾಗೆ ಅದು ಬರುತ್ತಿತ್ತು. ಅಷ್ಟರೊಳಗೆ ಪಡಸಾಲೆ ಸಾರಿಸಿರಬೇಕು, ಒಗ್ಗರಣೆಯ ವಾಸನೆ ಇರಬಾರದು, ಯಾರೂ ಜೋರಾಗಿ ಸೀನಬಾರದು. ಮೊದಲು ಹಲ್ಲು ಕಟಕಟ ಎನ್ನಿಸುವ ಚಳಿ, ಆಮೇಲೆ ಕಾದ ಹಂಚಿನಂಥ ಮೈ, ಸಂಜೆಗೆ ಕೌದಿ ಹಿಂಡಿದರೆ ನೀರು ಬರುವಷ್ಟು ಬೆವರು. ಮರುದಿನ ಏನೂ ಆಗಿಲ್ಲವೆಂಬಂತೆ ತಮ್ಮ ಎದ್ದು ಕೂತು ರೊಟ್ಟಿ ಕೇಳುತ್ತಿದ್ದ. ಅದರ ಮರುದಿನ ಮತ್ತೆ ಬೀಗರು. ಇದಕ್ಕೆ ನಮ್ಮ ಕಡೆ ಪಾಳಿ ಜ್ವರ ಎನ್ನುತ್ತಿದ್ದರು. ಮಲೇರಿಯಾ ಎಂಬ ಹೆಸರು ಆ ಯುದ್ಧದ ವರ್ಷಗಳಲ್ಲಿ ದವಾಖಾನೆಯವರ ಬಾಯಲ್ಲಿ ಮಾತ್ರ ಇತ್ತು. ದವಾಖಾನೆಯವರ ಬಾಯಿಂದ ಬಂದದ್ದನ್ನು ನಮ್ಮ ಮನೆಯವರು ಹೊಸ್ತಿಲ ಆಚೆಗೇ ಇಡುತ್ತಿದ್ದರು.

ಮನೆ ವಿಜಾಪುರದ ಹಳೆಯ ಕೋಟೆಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ಅಳತೆ ಅಪ್ಪನ ಮಾತಿನಲ್ಲಿ ಒಂದು, ನೆಲದ ಮೇಲೆ ಇನ್ನೊಂದು. ಪಡಸಾಲೆ, ದೇವರ ಜಗಲಿ ಇದ್ದ ನಡುಮನೆ, ಕಿಟಕಿಯಿಲ್ಲದ ಅಡಿಗೆಮನೆ, ಎಣ್ಣೆ ಡಬ್ಬಿ ಇಡುವ ಕತ್ತಲೆ ಕೋಣೆ, ಅಷ್ಟೇ. ಅಪ್ಪ ಕುಸುಬಿ ಎಣ್ಣೆಯ ವ್ಯಾಪಾರಿ. ವಾರಕ್ಕೊಮ್ಮೆ ಬಬಲೇಶ್ವರದ ಸಂತೆಗೆ ಚಕ್ಕಡಿಯಲ್ಲಿ ಡಬ್ಬಿ ಹೇರಿಕೊಂಡು ಹೋಗಿ, ಬರುವಾಗ ತಾನು ಅಲ್ಲಿ ಯಾರ್ಯಾರ ಬಾಯಿ ಮುಚ್ಚಿಸಿದೆ ಎಂಬ ಕಥೆ ಹೇರಿಕೊಂಡು ಬರುತ್ತಿದ್ದ. ಮನೆಯಲ್ಲಿ ಮಾತ್ರ ತಾಯಿಯ ಮುಂದೆ ಅವನ ಬಾಯಿಯೇ ಮುಚ್ಚಿರುತ್ತಿತ್ತು. ಅವ್ವ ಘೋಣಸಗಿಯ ಒಕ್ಕಲು ಮನೆಯ ಮಗಳು. ಅತ್ತೆಯ ಎದುರು ಅವಳು ಒಂದು ಮಾತನ್ನು ಪೂರ್ತಿ ಆಡಿದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ, ಅದನ್ನು ಕೊನೆಗೆ ಹೇಳುತ್ತೇನೆ. ನಾನು ಗೌರವ್ವ, ಆಗ ಒಂಬತ್ತು ವರ್ಷದವಳು. ಮೂರನೆಯ ಇಯತ್ತೆ ಮುಗಿಯುತ್ತಲೇ, ಹೆಸರು ಬರೆಯಲು ಬಂತಲ್ಲ, ಇನ್ನೇನು ಬೇಕು ಎಂದು ಸಾಲಿ ಬಿಡಿಸಿದ್ದರು. ತಮ್ಮ ಈರಣ್ಣ ಆರು ವರ್ಷದವನು. ಊಟಕ್ಕೆ ಅವನು ಅಪ್ಪನ ಮಗ್ಗುಲಲ್ಲಿ ಮಣೆಯ ಮೇಲೆ ಕೂರುತ್ತಿದ್ದ, ಅವನಿಗೆ ಬಿಸಿ ರೊಟ್ಟಿ, ತುಪ್ಪ, ಹಾಲು. ಅವರೆಲ್ಲ ಎದ್ದ ಮೇಲೆ ಅವ್ವನೂ ನಾನೂ ಒಲೆಯ ಮುಂದೆ ಕೂತು ಆರಿದ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿಯುತ್ತಿದ್ದೆವು. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ನನಗೆ ಬಿಟ್ಟು.

ಮನೆ ಆಳುತ್ತಿದ್ದವಳು ಆಯಿ, ಅಪ್ಪನ ತಾಯಿ. ತಿಕೋಟಾದವಳು. ಜಗತ್ತಿನಲ್ಲಿ ತಿಳಿಯಬೇಕಾದದ್ದೆಲ್ಲ ತಿಕೋಟಾದಲ್ಲಿ ತಿಳಿದು ಮುಗಿದಿದೆ ಎಂದು ಅವಳು ನಂಬಿದ್ದಳು. ಅವಳ ಲೆಕ್ಕದಲ್ಲಿ ಪಾಳಿ ಜ್ವರ ಒಬ್ಬ ಹೆಣ್ಣು, ಹೆಸರು ಕೇಳಿಕೊಂಡು ಮನೆ ಹುಡುಕಿ ಬರುವವಳು. ಹೆಸರು ತಪ್ಪಿಸಿದರೆ ದಾರಿ ತಪ್ಪುತ್ತಾಳೆ. ಅದಕ್ಕಾಗಿ ಪಾಳಿಯ ದಿನ ಜ್ವರದ ಹುಡುಗನಿಗೆ ಅಕ್ಕನ ಲಂಗ ರವಿಕೆ, ನಮ್ಮ ಕಡೆಯ ಪರಕಾರ ಪೋಲಕಾ, ತೊಡಿಸಿ, ಹಣೆಗೆ ಕುಂಕುಮ ಇಟ್ಟು, ಅಕ್ಕನ ಹೆಸರಿನಿಂದ ಕರೆದು ನಡುಮನೆಯಲ್ಲಿ ಮಲಗಿಸಬೇಕು. ಅಕ್ಕನಿಗೆ ತಮ್ಮನ ಅಂಗಿ, ಟೊಪ್ಪಿಗೆ ಹಾಕಿ ತಲಬಾಗಿಲ ಕಟ್ಟೆಯ ಮೇಲೆ ಕೂರಿಸಬೇಕು. ತನ್ನ ತವರಿನಲ್ಲಿ ಹೀಗೆ ಮಾಡಿ ಮೂರು ಗಂಡುಮಕ್ಕಳನ್ನು ಉಳಿಸಿದ್ದರೆಂದು ಅವಳು ಹೇಳುತ್ತಿದ್ದಳು. ಬದಲಿಗೆ ಕೂತ ಹೆಣ್ಣುಮಕ್ಕಳು ಏನಾದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊದಲ ದಿನ ನನ್ನ ಜಡೆಯನ್ನು ಟೊಪ್ಪಿಗೆಯೊಳಗೆ ತುರುಕಿ, ಹೊಸ್ತಿಲಲ್ಲಿ ನಿಂತು, ಓಣಿಯ ಕಡೆ ಮುಖ ಮಾಡಿ ಅವಳು ವಿಳಾಸ ಹೇಳಿದಳು.

“ಈರಣ್ಣ ಇಲ್ಲೇ ಕಟ್ಟಿ ಮ್ಯಾಲ ಕುಂತಾನ ನೋಡವಾ. ಒಳಗ ಮಲಗಿದಾಕಿ ಗೌರಿ. ಹೆಣ್ಣ ಹುಡುಗಿ ಅದು, ಅದನ್ನ ತಗೊಂಡ ಏನ ಮಾಡ್ತಿ, ಬಿಡು.”

ನನ್ನ ಬೆಲೆ ನನಗೆ ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ತಿಳಿಸಿಲ್ಲ. ಬಿಸಿಲಲ್ಲಿ ಕೂತು, ಓಣಿಯ ತಿರುವಿನಲ್ಲಿ ಯಾವ ಹೆಂಗಸು ಕಂಡರೂ ಇವಳೇ ಬಂದಳೆಂದು ನಡುಗುತ್ತಿದ್ದೆ. ಬಂದವಳು ಯಾರದೋ ಮನೆಗೆ ಹಿಟ್ಟು ಕಡ ಕೇಳಲು ಹೋಗುವವಳಾಗಿರುತ್ತಿದ್ದಳು. ಒಳಗೆ ಮಾತ್ರ, ಸರಿಯಾದ ಹೊತ್ತಿಗೆ, ಈರಣ್ಣನ ಹಲ್ಲು ಕಟಕಟ ಎನ್ನುತ್ತಿತ್ತು. ಉಪಾಯ ಫಲಿಸಲಿಲ್ಲವೆಂದು ಆಯಿಗೆ ಅನ್ನಿಸಲಿಲ್ಲ, ನಾನು ಸರಿಯಾಗಿ ಕೂತಿಲ್ಲವೆಂದು ಅನ್ನಿಸಿತು. ಅಂದಿನಿಂದ ಪಾಳಿಯ ದಿನ ಬೆಳಗಿನಿಂದಲೇ ನಾನು ಈರಣ್ಣನಾಗಬೇಕಾಯಿತು. ಜ್ವರಕ್ಕೆ ನಂಬಿಕೆ ಬರಬೇಕಲ್ಲ! ಹಾಗಾಗಿ ಅಪ್ಪನ ಮಗ್ಗುಲಿನ ಮಣೆ ನನಗೆ, ಬಿಸಿ ರೊಟ್ಟಿ ನನಗೆ, ತುಪ್ಪ ನನಗೆ. ಅಪ್ಪ ನನ್ನ ಮುಖ ನೋಡದೆ, “ಈರಣ್ಣಾ, ಇನ್ನೊಂದು ಹಾಕಿಸ್ಕೋಲೇ” ಎನ್ನುತ್ತಿದ್ದ. ನನ್ನ ತಂದೆ ನನಗೆ ಪ್ರೀತಿಯಿಂದ ಬಡಿಸಲು ಹೇಳಿದ್ದು ಆ ಹೆಸರಿನಲ್ಲಿ ಮಾತ್ರ. ನಾನು ಹಾಕಿಸಿಕೊಂಡು ಉಣ್ಣುತ್ತಿದ್ದೆ.

ದವಾಖಾನೆಯಿಂದ ಒಬ್ಬ ಮನುಷ್ಯ ಸೈಕಲ್ ಮೇಲೆ ಓಣಿ ಓಣಿ ತಿರುಗುತ್ತಿದ್ದ. ನಮ್ಮ ಕಡೆ ಸೊಳ್ಳೆಗೆ ಗುಂಗಾಡು ಎನ್ನುತ್ತಾರೆ. ಅವನು ಎಲ್ಲರ ಮನೆಯ ನೀರಿನಲ್ಲಿ ಗುಂಗಾಡಿನ ಮರಿ ಹುಡುಕುತ್ತಿದ್ದುದರಿಂದ ಅವನಿಗೆ ಗುಂಗಾಡ ಸಾಹೇಬ ಎಂದು ಹೆಸರಿಟ್ಟು ನಗುತ್ತಿದ್ದರು. ಅವನು ಬೆಳೆದ ಕೇರಿ ಯಾವುದೆಂದು ಆಯಿ ಮೊದಲ ದಿನವೇ ವಿಚಾರಿಸಿಕೊಂಡಿದ್ದಳು. ಅದರಿಂದ ಅವನು ಹೊಸ್ತಿಲು ದಾಟುವ ಮಾತೇ ಇರಲಿಲ್ಲ. ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದು, ನೀರು ತುಂಬಿಡುವ ಕಲ್ಲಿನ ಹೌಜಿನಿಂದ ಅಪ್ಪನ ಕೈಯಲ್ಲೇ ಒಂದು ತಂಬಿಗೆ ಮೊಗೆಸಿ, ದೂರದಿಂದಲೇ ಬೆರಳು ಮಾಡಿ ತೋರಿಸಿದ. ತಂಬಿಗೆಯಲ್ಲಿ ಕೂದಲೆಳೆಯಂಥ ಮರಿಗಳು ಡೊಂಕಾಗಿ ನೆಟ್ಟಗಾಗಿ ಕುಣಿಯುತ್ತಿದ್ದವು.

“ಇವಕ್ಕ ರೆಕ್ಕಿ ಬಂದು ನಿಮ್ಮ ಹುಡುಗನ್ನ ಕಡೀತಾವ್ರಿ. ಅವನ ರಕ್ತದಾಗಿನ ಹುಳಾ ಹೀರ್ಕೊಂಡು ಇನ್ನೊಬ್ಬರ ಮೈಯಾಗ ಬಿಡ್ತಾವ.”

“ಹುಳಾ? ನಮ್ಮ ಮನಿತನದ ರಕ್ತದಾಗ ಹುಳಾ ಅದಾವಂತ ಹೇಳಾಕ ಬಂದೀಯೇನು?” ಎಂದು ಅಪ್ಪ ಗದರಿದ.

“ಮನಿತನ ಕೇಳಿ ಬರೂದಿಲ್ರಿ ಅವು. ನೀರ ಮ್ಯಾಲ ಒಂದ ಸೌಟು ಎಣ್ಣಿ ಸುರುವ್ರಿ, ಮರಿ ಉಸರ ಕಟ್ಟಿ ಸಾಯ್ತಾವ. ದೀಪದ ಘಾಸಲೇಟ್ ಸಿಗಾಕತ್ತಿಲ್ಲ, ಖರೇ. ನಿಮ್ಮ ಕುಸುಬಿ ಎಣ್ಣೀನ ಆಗಲಿ.”

“ಮಾರೂ ಎಣ್ಣಿ ಹುಳಕ್ಕ ಸುರೂಲ್ಯಾ?”

ಡಬ್ಬಿಗಟ್ಟಲೆ ಎಣ್ಣೆ ಇದ್ದ ಮನೆ ಅದು. ಒಂದು ಸೌಟು ಬಿಟ್ಟಿದ್ದರೆ ಏನಾಗುತ್ತಿತ್ತು? ಆಯಿ ಹಿತ್ತಲ ಬಾಗಿಲಲ್ಲಿ ನಿಂತು, “ದೇವರ ನೀರಿಗೆ ಇವನ ನೆಳ್ಳು ಬಿದ್ದದ್ದ ಸಾಕಾಗೇತಿ, ಇನ್ನ ಎಣ್ಣಿ ಬ್ಯಾರೆ” ಎಂದಳು. ಅವನು ಹೋದ ಮೇಲೆ ತಂಬಿಗೆಯ ನೀರನ್ನು ಮರಿಗಳ ಸಮೇತ ಮತ್ತೆ ಹೌಜಿಗೇ ಚೆಲ್ಲಿದಳು. ತಂಬಿಗೆಯನ್ನು ಮಾತ್ರ ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿಸಿದಳು. ನಮ್ಮ ಮನೆಯ ಮಡಿ ಎಂದರೆ ಹೀಗಿತ್ತು.

ಗುಳಿಗೆ ಕಟ್ಟಿಕೊಡುತ್ತೇನೆ, ನಾಡಿದ್ದು ಬರುತ್ತೇನೆ ಎಂದು ಅವನು ಹೇಳಿ ಹೋಗಿದ್ದ. ಅವನು ಮುಟ್ಟಿದ ಪುಡಿಕೆ ಒಳಗೆ ಬರಕೂಡದು ಎಂದು ಆಯಿ ಅಪ್ಪಣೆ ಮಾಡಿದಳು. ಅಪ್ಪ ತಲೆಯಾಡಿಸಿದ. ಅವ್ವ ನನ್ನನ್ನು ಎಣ್ಣೆ ಡಬ್ಬಿಯ ಕೋಣೆಗೆ ಕರೆದು, ಸೆರಗಿನಿಂದ ಬೆಲ್ಲದ ಹೆಂಟೆ ತೆಗೆದು ನನ್ನ ಕೈಗಿಟ್ಟಳು.

“ಗೌರಿ, ನೀ ಹೊರಗ ಕಟ್ಟಿ ಮ್ಯಾಲ ಇರ್ತೀಯಲ್ಲ, ಆ ಸಾಹೇಬ ಗುಳಿಗಿ ಕೊಟ್ರ ಇಸಗೋ. ಆಯಿಗೆ ಕಾಣದ್ಹಂಗ ತಮ್ಮಗ ನುಂಗಸು. ಕಹಿ ಇರ್ತಾವಂತ, ಬೆಲ್ಲದಾಗ ಮುಚ್ಚಿ ಕೊಡು. ನಿನ್ನ ಬಿಟ್ಟರ ನನಗ ಯಾರದಾರವಾ?”

ಆಗ ನಾನು ಯೋಚಿಸಿದ್ದು ಬೆಲ್ಲವನ್ನು. ಹೇಳಿದ ದಿನ ಸಾಹೇಬ ಬಂದ. ಅದು ಪಾಳಿಯ ದಿನ. ಕಟ್ಟೆಯ ಮೇಲೆ ಅಂಗಿ ಟೊಪ್ಪಿಗೆಯ ಹುಡುಗ ಕೂತಿದ್ದ.

“ನೀನೇ ಏನಪಾ ಈರಣ್ಣ?”

ಆಯಿ ಆ ಹೊತ್ತಿಗೆ ಹಿತ್ತಲಲ್ಲಿದ್ದಳು, ಆದರೆ ಓಣಿಯಲ್ಲಿ ಜ್ವರದ ಕಿವಿ ಇದ್ದೇ ಇತ್ತು. ಅಲ್ಲ ಎಂದರೆ ಜ್ವರಕ್ಕೆ ಗುಟ್ಟು ಬಿಟ್ಟುಕೊಟ್ಟಂತೆ. “ಹೂಂ” ಎಂದೆ.

“ಹಂಗಾರ ನನ್ನ ಮುಂದ ನುಂಗು ನೋಡೂಣು. ಕ್ವಿನೈನ್ ಎಲ್ಲಾ ಯುದ್ಧಕ್ಕ ಹೋಗೇತಿ, ಇವು ಹೊಸಾವು. ದಿನಕ್ಕ ಎರಡು. ಉರಿ ಬಂದ ದಿನಾನೂ ನುಂಗಬೇಕು, ಬರದ ದಿನಾನೂ ನುಂಗಬೇಕು. ಉರಿ ಇಲ್ಲಂದ್ರ ಹುಳಾ ಸತ್ತಿಲ್ಲ ಮತ್ತ, ಅಡಗಿರ್ತೈತಿ.”

ಅರಿಶಿಣದ ಬಣ್ಣದ ಪುಟ್ಟ ಗುಳಿಗೆ. ನಾಲಿಗೆಗೆ ತಾಗುತ್ತಲೇ ಬೇವೂ ಸಿಹಿ ಅನ್ನಿಸುವಂಥ ಕಹಿ. ನುಂಗಿದೆ. ಅವನು ಬೆನ್ನು ತಟ್ಟಿ, ಪುಡಿಕೆ ನನ್ನ ಕೈಗೆ ಕೊಟ್ಟು, ಸೈಕಲ್ ಹತ್ತಿದ. ಇಲ್ಲಿಯವರೆಗೆ ನನ್ನ ತಪ್ಪು ಇಲ್ಲವೆಂದು ಯಾರಾದರೂ ಹೇಳಬಹುದು. ಮುಂದಿನದಕ್ಕೆ ಹೇಳಲಾರರು. ಪುಡಿಕೆಯನ್ನು ಕಟ್ಟೆಯ ಕಲ್ಲುಸಂದಿಯಲ್ಲಿ ಬಚ್ಚಿಟ್ಟು ಕೂತು ಲೆಕ್ಕ ಹಾಕಿದೆ. ಜ್ವರ ಈರಣ್ಣನನ್ನು ಹುಡುಕಿಕೊಂಡು ಬರುತ್ತದೆ. ಈರಣ್ಣ ಎಂದರೆ ಈಗ ನಾನು. ಹಾಗಾದರೆ ಈರಣ್ಣನ ಗುಳಿಗೆಯೂ ನನ್ನದೇ. ಸಂಜೆ ಎರಡನೆಯದನ್ನೂ ಬೆಲ್ಲದಲ್ಲಿ ಮುಚ್ಚಿ ನುಂಗಿದೆ. ಅವ್ವ ರೊಟ್ಟಿ ಬಡಿಯುತ್ತ ಕಣ್ಣಲ್ಲೇ ಕೇಳಿದಳು.

“ಕೊಟ್ಟೀ?”

“ಕೊಟ್ಟೇನಿ.”

ಎರಡು ಮೂರು ದಿನ ಭಯಕ್ಕೆ ನುಂಗಿದೆ. ಆಮೇಲಿನದು ಭಯವಲ್ಲ. ಜ್ವರ ಹೆಂಗಸಲ್ಲ, ಅದು ಓಣಿಯಿಂದ ನಡೆದು ಬರುವುದಿಲ್ಲ, ಕೋಣೆಯೊಳಗೇ ತಮ್ಮನ ಮೈಯಿಂದಲೇ ಏಳುತ್ತದೆ ಎಂಬುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಒಂಬತ್ತು ವರ್ಷದ ಹುಡುಗಿ ಅಷ್ಟು ದಡ್ಡಿ ಇರುವುದಿಲ್ಲ. ಆದರೆ ಅವನು ಎದ್ದರೆ ಮಣೆ ಹೋಗುತ್ತದೆ, ತುಪ್ಪ ಹೋಗುತ್ತದೆ, ‘ಹಾಕಿಸ್ಕೋಲೇ’ ಹೋಗುತ್ತದೆ. ಇದನ್ನು ಹೀಗೆ ಬಿಡಿಸಿ ಯೋಚಿಸಿದೆನೆಂದು ಹೇಳಲಾರೆ. ಬೆಲ್ಲ ಕರಗುವಷ್ಟು ಹೊತ್ತಿನಲ್ಲಿ ಮನಸ್ಸಿನ ಒಂದು ಮೂಲೆಗೆ ಇದು ಹೊಳೆಯುತ್ತಿತ್ತು, ನಾನು ಅತ್ತ ನೋಡುತ್ತಿರಲಿಲ್ಲ. ಆಯಿಯ ಮೂಢತನವನ್ನು ನಾನು ಜೀವನವಿಡೀ ಹೀಯಾಳಿಸಿದ್ದೇನೆ. ಅವಳಾದರೂ ತಾನು ಮಾಡುವುದನ್ನು ನಂಬಿ ಮಾಡಿದಳು.

ಈರಣ್ಣನಿಗೆ ಎಲ್ಲ ಗೊತ್ತಿತ್ತು. ಜ್ವರವಿಲ್ಲದ ದಿನ ನನ್ನ ಹಿಂದೆ ಹಿತ್ತಲಿಗೆ ಬಂದು, ನಾನು ಮುಖ ಕಿವುಚಿ ನುಂಗುವುದನ್ನು ನೋಡಿ ಕಿಲಕಿಲ ನಗುತ್ತಿದ್ದ. ಅವನ ಹೊಟ್ಟೆಯ ಎಡಗಡೆ ಗಟ್ಟಿ ಗಡ್ಡೆ ಎದ್ದು ಪರಕಾರದ ಲಾಡಿ ಕಟ್ಟಲು ಬರುತ್ತಿರಲಿಲ್ಲ.

“ಅಕ್ಕಾ, ಭಾಳ ಕಹಿ ಐತೇನ?”

“ಭಾಳ.”

“ನನ್ನ ಸಲುವಾಗಿ ನೀ ತಿನ್ನಾಕತ್ತೀಯಲ್ಲ, ಶಾಣ್ಯಾಕಿ ಅದೀ.”

ಅವನು ಅದನ್ನು ಉಪಕಾರವೆಂದೇ ತಿಳಿದಿದ್ದ. ನಾನು ತಿದ್ದಲಿಲ್ಲ. ಬೆಲ್ಲದ ಚೂರೊಂದನ್ನು ಅವನ ಬಾಯಿಗೆ ಹಾಕಿದೆ.

ಎಂಟು ಹತ್ತು ದಿನಕ್ಕೆ ನನ್ನ ಅಂಗೈ ಹಳದಿಯಾಯಿತು, ಆಮೇಲೆ ಮುಖ, ಕುತ್ತಿಗೆ. ಆಯಿ ನನ್ನನ್ನು ಬೆಳಕಿಗೆ ಎಳೆದು ನೋಡಿ ಕಾಮಣಿ ಆಗಿದೆ ಎಂದು ತೀರ್ಪು ಕೊಟ್ಟಳು. ಅವಳಿಗೆ ಒಳಗೊಳಗೇ ಹಿಗ್ಗು. ಜ್ವರದ ಬೀಗಿತ್ತಿ ಕಡೆಗೂ ಕಟ್ಟೆಯ ಮೇಲಿನ ಈರಣ್ಣನನ್ನು ಮುಟ್ಟಿದ್ದಾಳೆ, ಇನ್ನು ಒಳಗಿನವನನ್ನು ಬಿಡುತ್ತಾಳೆ. ಕಾಮಣಿಗೆ ಬರೆ ಹಾಕುವ ತಿಕೋಟಾದ ಒಬ್ಬ ಮುದುಕನನ್ನು ಕರೆಸಿದರು. ದವಾಖಾನೆಯವನಿಗೆ ಮುಚ್ಚಿದ ಹೊಸ್ತಿಲು ಅವನಿಗೆ ತೆರೆಯಿತು. ಪಡಸಾಲೆಯಲ್ಲಿ ಚಹಾ ಕುಡಿದು, ಸೂಜಿ ಕೆಂಡದಲ್ಲಿ ಕಾಯಿಸಿ, ನನ್ನ ಮುಂಗೈ ಹಿಡಿದ. ಆಗ ನಡುಮನೆಯಿಂದ ಈರಣ್ಣ ಗೋಡೆ ಹಿಡಿದುಕೊಂಡು ಬಂದ.

“ಅಕ್ಕಗ ಬರಿ ಹಾಕಬ್ಯಾಡ್ರಿ! ಕಾಮಣಿ ಅಲ್ಲರಿ ಅದು. ನನ್ನ ಗುಳಿಗಿ ತಿಂದ ಹಂಗಾಗ್ಯಾಳ ಆಕಿ!”

ಆಯಿ ನನ್ನ ಕಡೆ ಹುಬ್ಬು ಏರಿಸಿದಳು.

“ಯಾವ ಗುಳಿಗಿ ಬೇ?”

ಅವ್ವ ನನ್ನನ್ನು ನೋಡಿದಳು. ಅವಳ ಕೈ ಸೆರಗಿನ ಗಂಟಿನ ಮೇಲಿತ್ತು, ಬೆಲ್ಲ ಕಟ್ಟುವ ಗಂಟಿನ ಮೇಲೆ. ನಾನು ನಿಜ ಹೇಳಿದರೆ ಅವಳಿಗೂ ಗತಿಯಿಲ್ಲ, ನನಗೂ ಇಲ್ಲ. ಆದರೆ ಹುಡುಗ ಉಳಿಯುತ್ತಿದ್ದ.

“ಉರಿಯಾಗ ಬಡಬಡಸಾಕತ್ತಾನ,” ಎಂದೆ.

ಜ್ವರವಿಲ್ಲದ ದಿನ ಅದು. ಅವನ ಹಣೆ ತಣ್ಣಗಿತ್ತು, ಮುಟ್ಟಿ ನೋಡಿದ್ದರೆ ಯಾರಿಗೂ ಗೊತ್ತಾಗುತ್ತಿತ್ತು. ಯಾರೂ ಮುಟ್ಟಲಿಲ್ಲ. ಅವ್ವ ಕಣ್ಣು ಕೆಳಗೆ ಹಾಕಿ, ಅವನನ್ನು ಎತ್ತಿಕೊಂಡು ಒಳಗೆ ಹೋದಳು. ಮುದುಕ ಸೂಜಿ ಊರಿದ. ನಾನು ಕೂಗಲಿಲ್ಲ. ನೋವು ತಿಂದರೆ ತಪ್ಪು ತೀರುತ್ತದೆ ಎಂದುಕೊಂಡೆ. ಆ ಕಲೆ ಈಗಲೂ ಮುಂಗೈ ಮೇಲೆ ಇದೆ, ಜೋಳದ ಕಾಳಿನಷ್ಟು. ನೋಡಿದವರು ಪಾಪ ಎನ್ನುತ್ತಾರೆ. ಅವರ ಪಾಪ ಎನ್ನುವ ಮಾತು ಕೇಳಿದರೆ ನನಗೆ ಹೇಸಿಕೆ.

ಆಯಿ ಗುಡಿಗೆ ಹೋಗಿದ್ದಾಗ ಗುಂಗಾಡ ಸಾಹೇಬ ಮತ್ತೊಮ್ಮೆ ಬಂದ. ಕಟ್ಟೆಯ ಮೇಲಿನ ಹಳದಿ ಹುಡುಗನನ್ನು ಕಂಡು ಅವನ ಮುಖ ಅರಳಿತು. ನನ್ನ ಕೆಳರೆಪ್ಪೆ ಎಳೆದು ನೋಡಿದ.

“ಕಣ್ಣ ಬೆಳ್ಳಗ ಅದಾವ. ಕಾಮಣಿ ಅಲ್ಲ, ಗುಳಿಗಿ ಬಣ್ಣ ಇದು, ತಾನ ಹೋಕ್ಕೈತಿ. ತಪ್ಪದ ನುಂಗೀ ಅಂದಂಗಾತು. ಶಾಬಾಸ್! ಉರಿ ನಿಂತೈತಿಲ್ಲೋ?”

ಒಳಗೆ ಈರಣ್ಣ ನರಳುವುದು ನನಗೆ ಕೇಳುತ್ತಿತ್ತು. ಅವನಿಗೂ ಕೇಳಿತು.

“ಒಳಗ ಯಾರಪಾ ಅದು?”

“ಗೌರಿ,” ಎಂದೆ. “ಹೊಟ್ಟಿ ನೋಯಾಕತ್ತೈತಂತ. ಉರಿ ನಿಂತೈತ್ರಿ.”

ಅವನು ಚೀಟಿಯ ಮೇಲೆ ಏನೋ ಬರೆದುಕೊಂಡು, ಚೀಲದಲ್ಲಿದ್ದ ಇನ್ನೊಂದು ಪುಡಿಕೆಯನ್ನು ಮುಟ್ಟಿ ನೋಡಿ, ಅರಕೇರಿಯಲ್ಲಿ ಇಬ್ಬರು ಮಲಗಿದ್ದಾರೆ, ಅವರಿಗಾಯಿತು ಎಂದು ಹೋದ. ಆ ಊರಿನಲ್ಲಿ ಯಾರಾದರೂ ಅದರಿಂದ ಬದುಕಿರಬಹುದು. ನಾನು ಮಾಡಿದ್ದರಲ್ಲಿ ಒಳ್ಳೆಯದೇನಾದರೂ ಇದ್ದರೆ ಅಷ್ಟೇ, ಅದನ್ನೂ ನಾನು ಬೇಕೆಂದು ಮಾಡಿದ್ದಲ್ಲ.

ನನ್ನ ಮೊಮ್ಮಗಳು ಈಗ ದವಾಖಾನೆಯಲ್ಲಿ ರಕ್ತ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಒಮ್ಮೆ ನನ್ನನ್ನು ಕರೆದೊಯ್ದು ದುರ್ಬೀನಿನಲ್ಲಿ ಆ ಹುಳು ತೋರಿಸಿದಳು. ಕೆಂಪು ಕಣದೊಳಗೆ ಕೂಸಿನ ಉಂಗುರದಂಥ ಒಂದು ಗೆರೆ. ಇಷ್ಟೇ? ಎಂದೆ. ಕಣದೊಳಗೆ ಕೂತು ತಿಂದು ಬೆಳೆದು, ಎಲ್ಲವೂ ಒಂದೇ ಹೊತ್ತಿಗೆ ಕಣ ಒಡೆದುಕೊಂಡು ಹೊರಗೆ ಬರುತ್ತವಂತೆ, ಅದೇ ಪಾಳಿ. ಒಂದು ಜಾತಿಯದು ಮಿದುಳಿನ ರಕ್ತನಾಳಗಳಿಗೆ ಅಡರಿಕೊಂಡು ಮೂರ್ಛೆ ತರುತ್ತದಂತೆ. ಇದಕ್ಕೆ ಈಗ ಲಸಿಕೆ ಬಂದಿದೆ, ದೂರದ ದೇಶದ ಮಕ್ಕಳಿಗೆ ಹಾಕುತ್ತಾರೆ ಎಂದಳು. ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದೆ.

“ಅದು ಮೈಮ್ಯಾಲಿನ ವೇಷ ಬದಲಿ ಮಾಡ್ಕೋತ ಇರ್ತೈತಿ ಅಮ್ಮಾ. ನಮ್ಮ ರಕ್ತಕ್ಕ ಅದರ ಗುರುತ ಹತ್ತೂದ್ರೊಳಗ ಮತ್ತೊಂದು ವೇಷ. ಅದಕ್ಕ ಲಸಿಕಿ ಮಾಡೂದು ತಡಾ ಆತು.”

ನನಗೆ ನಗು ಬಂತು, ಹುಡುಗಿ ಹೆದರಿದಳು. ಕಣ್ಣಿಲ್ಲದ, ಕಿವಿಯಿಲ್ಲದ, ವೇಷ ಹಾಕುವುದರಲ್ಲಿ ಇಡೀ ಜಗತ್ತಿನ ವೈದ್ಯರಿಗೆ ಮಣ್ಣು ಮುಕ್ಕಿಸಿದ ಆ ಪ್ರಾಣಿಯನ್ನು ನಾವು ಒಂದು ಟೊಪ್ಪಿಗೆಯಿಂದ ಮೋಸಗೊಳಿಸಲು ಹೊರಟಿದ್ದೆವು. ಮೋಸ ಹೋದದ್ದು ಒಬ್ಬನೇ, ಮನೆಮನೆ ತಿರುಗಿ ಅದನ್ನು ಕೊಲ್ಲಲು ಬಂದವನು.

ಕಡೆಯ ಪಾಳಿಯ ದಿನ ಬಬಲೇಶ್ವರದ ಸಂತೆ. ಅಪ್ಪ ಇರಲಿಲ್ಲ. ಬೆಳಿಗ್ಗೆ ಈರಣ್ಣನ ಹತ್ತಿರ ಹೋದರೆ ಅವನು ನನ್ನನ್ನು ಅವ್ವಾ ಎಂದು ಕರೆದ. ಹೆದರಿಕೆಯಾಗಿ, ಕಲ್ಲುಸಂದಿಯಲ್ಲಿ ಉಳಿದಿದ್ದ ನಾಲ್ಕು ಗುಳಿಗೆಗಳನ್ನು ತಂದು, ಬೆಲ್ಲವೂ ಇಲ್ಲದೆ, ಒಂದರ ಹಿಂದೆ ಒಂದು ಅವನ ಬಾಯಿಗೆ ತುರುಕಿದೆ. ಎಲ್ಲವನ್ನೂ ಕಕ್ಕಿದ. ಅವನು ತೊಟ್ಟಿದ್ದ ನನ್ನ ಪರಕಾರದ ಮೇಲೆ ಹಳದಿ ಗೆರೆ ಇಳಿಯಿತು. ಅದನ್ನು ನೀರು ಹಚ್ಚಿ ಒರೆಸಿ, ಯಾರಿಗೂ ಹೇಳದೆ, ಟೊಪ್ಪಿಗೆ ಹಾಕಿಕೊಂಡು ಕಟ್ಟೆಗೆ ಬಂದು ಕೂತೆ. ಆ ದಿನ ಚಳಿ ಬರಲೇ ಇಲ್ಲ. ಮೈ ಒಮ್ಮೆಲೇ ಕಾದು, ಕೈಕಾಲು ಸೆಟೆದು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಆಯಿ ಅವನ ಗಲ್ಲ ತಟ್ಟುತ್ತ ಕೂಗುತ್ತಿದ್ದುದು ಹೊರಗೆ ಕೇಳುತ್ತಿತ್ತು.

“ಗೌರೀ, ಕಣ್ಣ ತೆರಿಯವಾ. ಗೌರೀ!”

“ಅತ್ತ್ಯಾರ, ಖರೇ ಹೆಸರ ಹಿಡದ ಕರೀತೀನ್ರಿ...”

“ಬಾಯಿ ಮುಚ್ಚು! ಹೆಸರ ಕೇಳಿದ್ರ ಆಕಿ ಒಯ್ತಾಳ.”

“ಒಯ್ಯೂದಾದ್ರ ಒಯ್ಲಿ. ನನ್ನ ಮಗ ತನ್ನ ಹೆಸರಿಗೆ ಒಮ್ಮಿ ಓ ಅಂದು ಹೋಗಲಿ. ನಿಮ್ಮ ಮಾತು ನಾ ಇನ್ನ ಕೇಳೂದಿಲ್ಲ.”

ಅವ್ವ ಪೂರ್ತಿ ಆಡಿದ ಮಾತು ಅದೊಂದೇ. ಆಮೇಲೆ ಅವಳು ಓಣಿಗೆಲ್ಲ ಕೇಳುವಂತೆ ಕರೆದಳು.

“ಈರಣ್ಣಾ!”

ಆ ಹೆಸರಿಗೆ ಎಷ್ಟೋ ದಿನಗಳಿಂದ ಮಣೆಯ ಮೇಲೆ ಕೂತು ಉಂಡಿದ್ದೆ. ಕಟ್ಟೆಯ ಮೇಲಿಂದ ನಾನು “ಓ” ಎಂದೆ.

ನಡುಮನೆಯಲ್ಲಿ ಅವ್ವ ತಿರುಗಿ, ತೆರೆದ ಬಾಗಿಲಿನಿಂದ ನನ್ನನ್ನೂ ನನ್ನ ತಲೆಯ ಮೇಲಿನ ಟೊಪ್ಪಿಗೆಯನ್ನೂ ನೋಡಿದಳು. ಬೇರೆ ಓ ಬರಲಿಲ್ಲ.